ಇವತ್ತಿನ ಕರ್ನಾಟಕ ರಣಜಿ ತಂಡಕ್ಕೆ ಹಳಬರಲ್ಲಿ ಒಬ್ಬರನ್ನು ವಾಪಸ್ ಕರೆಸಬಹುದಾದ್ರೆ ಯಾರನ್ನು ಕರೆಸ್ತೀರಿ?

ತೀರ್ಥಹಳ್ಳಿ ತೋಟದವ:

ನವುಲೆಯಲ್ಲಿ ಗೋವಾ ಮೇಲಿನ ಪಂದ್ಯದ ಗುಂಗು ನನಗಿನ್ನೂ ಇಳಿದಿಲ್ಲ. ಅಡಿಕೆ ಕೊಯ್ಯೋ ಕೊನೆಗೌಡ ಬರುವ ಹೊತ್ತು, ಅಡಿಕೆ ಬೇಯಿಸುವ ಹಂಡೆ ತೊಳೆದಿಡಬೇಕು, ಸುಲಿಯೋರಿಗೆ ಹೇಳಿಬರಬೇಕು. ಇಂಥ ಹೊತ್ತಲ್ಲಿ ಈ ಮನುಷ್ಯ ಶಿವಮೊಗ್ಗಕ್ಕೆ ಹೋಗಿ ಮ್ಯಾಚ್ ನೋಡ್ತಾ ಕೂತ ಅಂತ ಹೆಂಡತಿ ಮುಖ ಊದಿಸಿಕೊಂಡಿದ್ದಾಳೆ. ಅದೂ ಯಾವ ಮ್ಯಾಚ್? ಇಪ್ಪತ್ತು ಓವರಿಂದಲ್ಲ, ಮಳೆ ಬಂದು ಡ್ರಾ ಆಗುವ ನಾಲ್ಕು ದಿನದ್ದು. ನಾನು ಎಂತ ಉತ್ತರ ಹೇಳೋದು? ಮಳೆಗೆ ಅಂಗಳದಲ್ಲಿ ಅಡಿಕೆಯೂ ಒಣಗಲ್ಲ, ನವುಲೆಯಲ್ಲಿ ಪಿಚ್ಚೂ ಒಣಗಲ್ಲ, ಎರಡೂ ಒಂದೇ ಅಂತ ಹೇಳಿದೆ. ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ.

ಆದರೆ ಕರುಣ್ ನಾಯರ್ ಆಡಿದ್ದು ನೋಡಿದ್ರೆ ಅವಳೂ ಸುಮ್ಮನಾಗ್ತಿದ್ದಳು. ಅಜೇಯ 174. ತಂಡದ ಒಟ್ಟು ಮೊತ್ತ 371. ಅಂದ್ರೆ ಉಳಿದವರೆಲ್ಲ ಸೇರಿ, ಇತರೆ ರನ್ನೂ ಸೇರಿಸಿ, ಹತ್ತಿರ ಹತ್ತಿರ ಅಷ್ಟೇ. ಮೇಲಿನವರು ಬೇಗ ಬೇಗ ಹೋದ ಮೇಲೆ ಶ್ರೇಯಸ್ ಗೋಪಾಲ್ ಜೊತೆ ನಿಂತ. ಸುತ್ತ ಕೂತ ಕಾಲೇಜು ಹುಡುಗರು ಬಂದಿದ್ದೇ ಅರ್ಜುನ್ ತೆಂಡೂಲ್ಕರ್ ನೋಡೋಕೆ, ಫೋನ್ ಎತ್ತಿ ಹಿಡಿದುಕೊಂಡು. ಊಟದ ಹೊತ್ತು ಕಳೆದ ಮೇಲೆ ನೋಡ್ತೀನಿ, ಫೋನ್ ಜೇಬಲ್ಲಿ, ಕಣ್ಣು ಕರುಣ್ ಮೇಲೆ. ಟೆಸ್ಟ್‌ನಲ್ಲಿ ಮುನ್ನೂರು ಹೊಡೆದವನು. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ ಅಜೇಯ 303. ಅಂಥವನು ನಮ್ಮ ಸವಳಂಗ ರಸ್ತೆ ಪಕ್ಕದ ಮೈದಾನದಲ್ಲಿ, ಈ ಸಲ ಟೆಸ್ಟ್ ತಂಡದಿಂದ ಕೈಬಿಟ್ಟ ಮೇಲೆ, ಬಾಲಂಗೋಚಿಗಳನ್ನು ಆ ಕಡೆ ನಿಲ್ಲಿಸಿಕೊಂಡು ಒಂದೊಂದೇ ರನ್ ಕೂಡಿಸ್ತಾ ಇದ್ದ. ಮುಖದಲ್ಲಿ ಸಿಟ್ಟಿಲ್ಲ, ಸಡಗರವೂ ಇಲ್ಲ. ನೂರು ಆದಾಗ ಬ್ಯಾಟ್ ಎತ್ತಿದ, ಮತ್ತೆ ಗಾರ್ಡ್ ತಗೊಂಡ. ಮುಗೀತು.

ಬೇಜಾರಾದದ್ದು ಕೊನೆಗೆ. ಗೋವಾಗೆ ಫಾಲೋ ಆನ್ ಹೇರಿದೆವು, ಅಂದ್ರೆ ಬೆನ್ನಿಗೇ ಮತ್ತೆ ಬ್ಯಾಟ್ ಮಾಡಿ ಅಂದೆವು. ಎರಡನೇ ಸಲ ಬಂದವರ ವಿಕೆಟ್ಟೇ ಬೀಳಲಿಲ್ಲ. ಮಳೆ ತಿಂದ ಹೊತ್ತು ಬೇರೆ ಮಾತು. ಆದರೂ ಮೆಟ್ಟಿಲ ಮೇಲೆ ಕೂತವನಿಗೆ ಅನ್ನಿಸಿದ್ದು, ಇಲ್ಲಿ ಒಬ್ಬ ಬೇಕಿತ್ತು. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಬ್ಬ.

ನನಗೆ ನೆನಪಾದದ್ದು ವಿಜಯ್ ಭಾರದ್ವಾಜ್. 1999ರ ರಣಜಿ ಫೈನಲ್, ಬೆಂಗಳೂರು, ಮಧ್ಯಪ್ರದೇಶದ ಮೇಲೆ. ಮೊದಲ ಇನಿಂಗ್ಸ್ ಮುನ್ನಡೆ ಅವರದ್ದು. ಡ್ರಾ ಆದ್ರೆ ಕಪ್ ಅವರದ್ದು. ಕೊನೆ ದಿನ ಚಹಾ ಆದ ಮೇಲೂ ಅವರು ಗಟ್ಟಿಯಾಗೇ ಇದ್ದರು. ಆಗ ಈ ಕನ್ನಡಕದ ಮನುಷ್ಯ, ಆ ಋತುವಿನಲ್ಲಿ ಪ್ರಥಮ ದರ್ಜೆಯಲ್ಲಿ 1,463 ರನ್ ಹೊಡೆದ ಬ್ಯಾಟ್ಸ್‌ಮನ್, ಆಫ್ ಸ್ಪಿನ್ ಹಾಕಿ 24 ರನ್ನಿಗೆ 6 ವಿಕೆಟ್ ತೆಗೆದ. ಕಪ್ ನಮ್ಮ ಕೈಗೆ ಬಂತು. ಅವತ್ತು ಸೋತ ಮಧ್ಯಪ್ರದೇಶದ ನಾಯಕ ಚಂದ್ರಕಾಂತ್ ಪಂಡಿತ್. ಅವರು 2022ರಲ್ಲಿ ಕೋಚ್ ಆಗಿ ಅದೇ ತಂಡವನ್ನು ಅದೇ ಚಿನ್ನಸ್ವಾಮಿಗೆ ಕರ್ಕೊಂಡು ಬಂದು ಗೆದ್ದುಕೊಂಡು ಹೋದರು. ಎಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿರಬೇಕು ನೋಡಿ. ಭಾರದ್ವಾಜ್ ಮಾತ್ರ ಮೂರು ಟೆಸ್ಟ್, ಹತ್ತು ಒನ್‌ಡೇ ಆಡಿ ಮರೆತೇಹೋದರು. ನನ್ನ ಆಯ್ಕೆ ಅವರೇ. ಆರನೇ ನಂಬರಿಗೆ ಬ್ಯಾಟಿಂಗ್, ಕೊನೆ ದಿನ ಸಂಜೆ ಬಾಲ್ ಕೈಗೆ.

ಈಗ ನೀವು ಹೇಳಿ. ಒಬ್ಬರೇ. ನೀವು ಕಣ್ಣಲ್ಲಿ ನೋಡಿದವರೋ, ರೇಡಿಯೊದಲ್ಲಾದರೂ ಕೇಳಿದವರೋ ಆಗಿರಬೇಕು. ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಹೆಸರು ಹೇಳೋ ಹಾಗಿಲ್ಲ, ಅದು ದೇವಸ್ಥಾನಕ್ಕೆ ಹೋಗಿ ದೇವರನ್ನೇ ಕೇಳಿದ ಹಾಗೆ. ಮತ್ತೆ ಯಾಕೆ ಅಂತ ಹೇಳಬೇಕು. ಬರೀ ಹೆಸರು ಬರೆದು ಓಡಿಹೋಗಬೇಡಿ ಮಾರಾಯ್ರೆ.


ಭದ್ರಾವತಿ ಹಳಬ:

ತೋಟದವರೇ, ನಿಮ್ಮ ನಿಯಮದಲ್ಲಿ ವಿಶ್ವನಾಥ್ ಹೆಸರು ಬಿಟ್ಟುಹೋಗಿದೆ ಅಂದರೆ ನನಗೆ ಅನುಮತಿ ಇದೆ ಅಂತಲೇ ಅರ್ಥ.

ನಾನು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲಿ, 1949ರಲ್ಲಿ. ಆಟ ಕಲಿತದ್ದು ಬೆಂಗಳೂರಿನಲ್ಲಿ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನ್ಯೂಟೌನಿನ ನಮ್ಮ ಕ್ಯಾಂಟೀನಿನಲ್ಲಿ ಅದನ್ನು ಯಾರೂ ಒಪ್ಪುತ್ತಿರಲಿಲ್ಲ. ವಿಶಿ ಸೊನ್ನೆಗೆ ಔಟಾದ ದಿನ ‘ಬೆಂಗಳೂರಿನವನು’, ನೂರು ಹೊಡೆದ ದಿನ ‘ನಮ್ಮ ಹುಡುಗ’. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲೇ ಎರಡೂ ಆಯಿತಲ್ಲ, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಒಂದೇ ಪಂದ್ಯದಲ್ಲಿ ಊರು ಬದಲಾಯಿತು.

ನಾನು ಕಣ್ಣಾರೆ ನೋಡಿದ್ದು 1974ರ ಸೆಮಿಫೈನಲ್. ಕೆಲಸದ ಗೆಳೆಯರು ಪಾಳಿ ಬದಲಾಯಿಸಿಕೊಂಡು ಬೀರೂರಿನ ಮೇಲೆ ರೈಲಿನಲ್ಲಿ ಹೋದೆವು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ, ಮೈಸೂರು ತಂಡ ಅನ್ನುವುದು ನಮ್ಮ ನಾಲಿಗೆಯಲ್ಲಿ ಇನ್ನೂ ಉಳಿದಿತ್ತು. ಎದುರಿಗೆ ಬಾಂಬೆ. ಸತತ 15 ವರ್ಷ ರಣಜಿ ಗೆದ್ದ ತಂಡ. ಈಗಿನ ಹುಡುಗರಿಗೆ ಇದನ್ನು ಹೇಗೆ ತಿಳಿಸಲಿ? ನಮ್ಮಲ್ಲಿ ಕೆಲವರು ಶಾಲೆ ಸೇರಿ, ಶಾಲೆ ಬಿಟ್ಟು, ಕೆಲಸಕ್ಕೆ ಸೇರಿ, ಮದುವೆಯೂ ಆಗಿದ್ದರು, ಅಷ್ಟೂ ಕಾಲ ಕಪ್ ಬಾಂಬೆಯಲ್ಲೇ ಇತ್ತು.

ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ನಾವು 385. ವಿಶಿಯ ಸ್ಕ್ವೇರ್ ಕಟ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ನೋಡಿದ್ದು ಮಣಿಕಟ್ಟು. ಆಳು ಕುಳ್ಳ, ಬ್ಯಾಟ್ ಭಾರ. ಬಾಲು ಇವರನ್ನು ದಾಟಿ ಕೀಪರ್ ಕೈಗೆ ಹೋಗಿಯೇ ಬಿಟ್ಟಿತು ಅನ್ನುವಾಗ ಆ ಮಣಿಕಟ್ಟು ತಿರುಗುತ್ತಿತ್ತು. ಪಾಯಿಂಟ್‌ನಲ್ಲಿ ನಿಂತವನು ಬಗ್ಗುವಷ್ಟರಲ್ಲಿ ಬಾಲು ಹಗ್ಗದ ಹತ್ತಿರ. ಆಮೇಲೆ ನಮ್ಮ ಸ್ಪಿನ್ನರ್ ಪ್ರಸನ್ನ ಬಂದು ಗಾವಸ್ಕರ್ ಅವರ ಗೂಟ ಹಾರಿಸಿದರು. ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಬಾಂಬೆ 307. ಅಲ್ಲಿಗೆ 15 ವರ್ಷದ ಗಂಟು ಬಿಚ್ಚಿತು. ಜೈಪುರದಲ್ಲಿ ರಾಜಸ್ಥಾನದ ಮೇಲೆ ಫೈನಲ್ ಗೆದ್ದದ್ದು ನಮಗೆ ಶಾಸ್ತ್ರಕ್ಕೆ ಆದಂತೆ.

ಅವರನ್ನೇ ಯಾಕೆ ಕರೆಸಬೇಕು ಅಂದರೆ, ರನ್ನಿಗಾಗಿ ಅಲ್ಲ. ರನ್ ಹೊಡೆಯುವವರು ಈಗಲೂ ಇದ್ದಾರೆ. 1980ರಲ್ಲಿ ಬಾಂಬೆಯ ಸುವರ್ಣ ಮಹೋತ್ಸವದ ಟೆಸ್ಟ್‌ನಲ್ಲಿ ವಿಶಿ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ಇವರಿಗೆ ಗೊತ್ತಿತ್ತು. ಹೋಗುತ್ತಿದ್ದವನನ್ನು ವಾಪಸ್ ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಕೂಡಿಸಿದರು, ನಾವು ಹತ್ತು ವಿಕೆಟ್‌ನಲ್ಲಿ ಸೋತೆವು. ಮರುದಿನ ಕ್ಯಾಂಟೀನಿನಲ್ಲಿ ಅರ್ಧ ಜನ ಬೈದರು. ಇನ್ನರ್ಧ ಜನ ಬೈದವರನ್ನು ಬೈದರು. ನಾನು ಎರಡನೆಯ ಗುಂಪಿನವನು. ಇವತ್ತು ಚೆಂಡು ನೆಲಕ್ಕೆ ತಾಗಿದ್ದು ಗೊತ್ತಿದ್ದೂ ಕೈ ಎತ್ತಿ ಕುಣಿಯುವವರನ್ನು ಟಿವಿಯಲ್ಲಿ ನೋಡಿದಾಗ ಆ ಮನುಷ್ಯ ಡ್ರೆಸಿಂಗ್ ರೂಮಿನಲ್ಲಿ ಸುಮ್ಮನೆ ಕೂತಿದ್ದರೂ ಸಾಕು ಅನ್ನಿಸುತ್ತದೆ.


ಕಾಫಿನಾಡು ಟೀಚರ್:

ನಿಯಮ ಮುರೀತಿದೀನಿ, ಮೊದಲೇ ಹೇಳ್ತೀನಿ. ನಾನು ನೋಡಿಲ್ಲ, ಅಪ್ಪ ನೋಡಿದ್ದು. ಆದರೆ ಈ ಕಥೆ ನಾನು ಎಷ್ಟು ಸಲ ಕೇಳಿದೀನಿ ಅಂದ್ರೆ ನೋಡಿದ ಹಾಗೇ ಆಗಿದೆ.

1977-78ರಲ್ಲಿ ನಮ್ಮ ಚಿಕ್ಕಮಗಳೂರಲ್ಲಿ ಕೇರಳದ ಮೇಲೆ ರಣಜಿ ಪಂದ್ಯ. ಸಂಜಯ್ ದೇಸಾಯಿ, ರೋಜರ್ ಬಿನ್ನಿ ಆರಂಭಿಕರು. ಡಿಕ್ಲೇರ್ ಮಾಡೋವಾಗ ಸ್ಕೋರು ವಿಕೆಟ್ ನಷ್ಟವಿಲ್ಲದೆ 451. ದೇಸಾಯಿ 218, ಬಿನ್ನಿ 211, ಇಬ್ಬರೂ ಔಟಾಗಲಿಲ್ಲ. ಮೂರನೇ ನಂಬರಿನವರು ಪ್ಯಾಡ್ ಕಟ್ಟಿಕೊಂಡು ಕೂತೇ ಇದ್ದರು ಅಂತ ಅಪ್ಪ ನಗ್ತಾರೆ. ವಿಕೆಟ್ ನೋಡೋಕೆ ಅಂತ ಎಸ್ಟೇಟಿನಿಂದ ಬಂದವರು ವಿಕೆಟ್ಟೇ ನೋಡದೆ ವಾಪಸ್ ಹೋದರಂತೆ.

ಬಿನ್ನಿಯವರನ್ನು ಜನ ನೆನಪಿಟ್ಟುಕೊಂಡಿರೋದು 1983ರ ವಿಶ್ವಕಪ್‌ನ 18 ವಿಕೆಟ್‌ಗೆ. ಬೌಲರ್ ಅಂತಲೇ. ಮಲೆನಾಡಿನವರಿಗೆ ಮಾತ್ರ ಅವರು ಇನ್ನೂರು ಹೊಡೆದ ಓಪನರ್. ಹೊಸ ಬಾಲ್ ಹಾಕ್ತಾರೆ, ಹೊಸ ಬಾಲ್ ಆಡ್ತಾರೆ. ಅಂಥವರು ಈಗ ಯಾರಿದ್ದಾರೆ ಹೇಳಿ. ತೋಟದಣ್ಣ, ನಿಮ್ಮ ಆರನೇ ನಂಬರ್ ಭಾರದ್ವಾಜ್‌ಗಿಂತ ನನ್ನ ಒಂದನೇ ನಂಬರ್ ಬಿನ್ನಿ ಹೆಚ್ಚು ಕೆಲಸಕ್ಕೆ ಬರ್ತಾರೆ.

(ಮಗ ಸ್ಟುವರ್ಟ್ ಕೂಡ 2014ರಲ್ಲಿ ಬಾಂಗ್ಲಾದೇಶದ ಮೇಲೆ 4 ರನ್ನಿಗೆ 6 ವಿಕೆಟ್ ತೆಗೆದದ್ದು. ನಮ್ಮ ಕ್ಲಾಸಿನ ಹುಡುಗರಿಗೆ ಅದು ಗೊತ್ತು, 451 ಗೊತ್ತಿಲ್ಲ.)


ವಿನೋಬನಗರ ಲೆಗ್‌ಬ್ರೇಕ್:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ವಲಯದ ಲೀಗ್ ಆಡೋ ಹುಡುಗ. ದೊಡ್ಡವರು ಬೇಜಾರು ಮಾಡ್ಕೋಬೇಡಿ, ಆದ್ರೆ ಯಾರನ್ನೂ ವಾಪಸ್ ಕರೆಸೋದು ಬೇಡ ಅನ್ನೋದೇ ನನ್ನ ಉತ್ತರ.

ಯಾಕೆ ಅಂದ್ರೆ ನಾನು ಬ್ಯಾಟ್ ಹಿಡಿದಾಗಿನಿಂದ ಇದನ್ನೇ ಕೇಳ್ಕೊಂಡು ಬಂದಿದೀನಿ. ವಿಶಿ ಕಾಲ, ಪ್ರಸನ್ನ-ಚಂದ್ರ ಕಾಲ, 90ರ ಕಾಲ. ಈಗಿರೋರು ಎಂಥ ಕಮ್ಮಿ? 2025ರ ಜನವರಿಯಲ್ಲಿ ಪಂಜಾಬನ್ನ ಚಿನ್ನಸ್ವಾಮಿಯಲ್ಲಿ 55ಕ್ಕೆ ಉರುಳಿಸಿದ್ರು. ಸ್ಮರಣ್ 203 ಹೊಡೆದ. ಅದಕ್ಕೆ ಒಂದು ವಾರ ಮುಂಚೆ ವಡೋದರದಲ್ಲಿ ವಿಜಯ್ ಹಜಾರೆ ಒಂದು ದಿನದ ಟೂರ್ನಿ ಫೈನಲ್‌ನಲ್ಲೂ ಅವನದ್ದೇ 101. ಎಡಗೈ ಹುಡುಗ, ವಯಸ್ಸು ಚಿಕ್ಕದು, ಆತುರ ಇಲ್ಲ. ಪ್ರಸಿದ್ಧ್ ಕೃಷ್ಣ, ಪಡಿಕ್ಕಲ್, ರಾಹುಲ್ ಎಲ್ಲ ನಮ್ಮವರೇ.

ಸಮಸ್ಯೆ ಅದೇ. ಎಲ್ಲ ಚೆನ್ನಾಗಿ ಆಡಿದ್ರೆ ಇಂಡಿಯಾಗೆ ಹೋಗ್ತಾರೆ, ಇಲ್ಲಿ ತಂಡ ಪಂದ್ಯಕ್ಕೊಂದು ಥರ ಆಗುತ್ತೆ. 2014-15ರ ಮೇಲೆ ರಣಜಿ ಬಂದಿಲ್ಲ ಅಂತ ಬೈತೀರಿ. ಅದೇ ಹೊತ್ತಲ್ಲಿ ಹಜಾರೆ ಮೂರು ಸಲ, ಇಪ್ಪತ್ತು ಓವರಿನ ಮುಷ್ತಾಕ್ ಅಲಿ ಎರಡು ಸಲ ಬಂದಿದೆ. ಅದನ್ನು ಯಾರೂ ಲೆಕ್ಕಕ್ಕೆ ತಗೊಳಲ್ಲ.

ಇನ್ನೊಂದು. ವಾಪಸ್ ಕರೆಸೋ ಬದಲು ಇಲ್ಲಿಂದ ಯಾರು ಹೋಗ್ತಾರೆ ಅಂತ ಕೇಳಿ. ಸಾಗರದ ಕಡೆಯಿಂದ ಭರತ್ ಚಿಪ್ಳಿ ಹೋದ್ರು, ಐಪಿಎಲ್ ತನಕ. ಆಮೇಲೆ? ಶಿವಮೊಗ್ಗ ಲಯನ್ಸ್ ಅಂತ ಮಹಾರಾಜ ಟ್ರೋಫಿಯಲ್ಲಿ ತಂಡ ಇದೆ, ಟಿವಿಯಲ್ಲಿ ಊರ ಹೆಸರು ಬರುತ್ತೆ, ಖುಷಿ. ಆದ್ರೆ ಆಡೋದು ಬೆಂಗಳೂರಲ್ಲೋ ಮೈಸೂರಲ್ಲೋ. ನಮ್ಮಲ್ಲಿ ಜೂನ್‌ನಿಂದ ಮ್ಯಾಟ್ ಮೇಲೂ ಪ್ರ್ಯಾಕ್ಟಿಸ್ ಇಲ್ಲ, ಮಳೆ. ನೆಟ್ಸ್‌ಗೆ ಅಂತ ಬೆಂಗಳೂರಿಗೆ ಹೋಗಿ ರೂಮ್ ಮಾಡೋಕೆ ದುಡ್ಡು ಎಲ್ಲರ ಹತ್ರ ಇರಲ್ಲ ಗುರು.


ತೀರ್ಥಹಳ್ಳಿ ತೋಟದವ:

ಲೆಗ್‌ಬ್ರೇಕ್ ತಮ್ಮ, ನೀನು ಹೇಳಿದ ಕೊನೇ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಮೊದಲಿನದಕ್ಕೆ ಇದೆ. ಒಂದು ದಿನದ ಕಪ್ ಬಂದದ್ದು ನನಗೂ ಖುಷಿಯೇ. ಆದರೆ ರಣಜಿ ಗೆಲ್ಲೋದು ಅಂದ್ರೆ ಎದುರಾಳಿಯ ಇಪ್ಪತ್ತು ವಿಕೆಟ್ ತೆಗೆಯೋದು. ಅದನ್ನು ವಿನಯ್ ಕುಮಾರ್ ಮಾಡಿ ತೋರಿಸಿದ್ದ. ಪಕ್ಕದ ದಾವಣಗೆರೆಯವನು, ವೇಗ ಹೆಚ್ಚಿಲ್ಲ, ಟಿವಿಯವರು ತಮಾಷೆ ಮಾಡೋರು. 2014-15ರ ಫೈನಲ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡನ್ನು 134ಕ್ಕೆ ಮಡಚಿದ್ದು ಅವನ ಐದು ವಿಕೆಟ್. ಆಮೇಲೆ ಬ್ಯಾಟ್ ಹಿಡಿದು ಅಜೇಯ 105. ಅದೇ ಪಂದ್ಯದಲ್ಲಿ ಕರುಣ್ 328, ರಾಹುಲ್ 188. ಇನಿಂಗ್ಸ್ ಮತ್ತು 217 ರನ್ ಗೆಲುವು. ಎರಡು ಋತು ಸತತವಾಗಿ ರಣಜಿ, ಇರಾನಿ, ಹಜಾರೆ ಮೂರೂ ಕಪ್. ಅಂಥ ತಂಡ ಮತ್ತೆ ನೋಡ್ತೀನಾ, ಗೊತ್ತಿಲ್ಲ.

ಇಷ್ಟು ಹೇಳಿಯೂ ವಿನಯ್‌ನ ಯಾಕೆ ಕರೆಸಲಿಲ್ಲ ಅಂತ ಕೇಳಬೇಡಿ. ನವುಲೆಯ ಆ ಒದ್ದೆ ಪಿಚ್ ಮೇಲೆ ಆಫ್ ಸ್ಪಿನ್ ಬೇಕಿತ್ತು. ನನ್ನ ಹಟ.

ಟೀಚರ್, ನಿಮ್ಮ ಅಪ್ಪನ ಕಣ್ಣು ಚಲಾವಣೆಯಲ್ಲಿದೆ, ಒಪ್ಪಿದೆ.


ಹೊಸನಗರದ ಮಳೆಗಾಲ:

ಒಂದೇ ಹೆಸರು: ರಘುರಾಮ ಭಟ್. ಘಟ್ಟದ ಕೆಳಗಿನ ಪುತ್ತೂರಿನವರು, ಎಡಗೈ ಸ್ಪಿನ್. 1981-82ರ ಸೆಮಿಫೈನಲ್‌ನಲ್ಲಿ ಬೆಂಗಳೂರಲ್ಲಿ ಬಾಂಬೆಗೆ ಹ್ಯಾಟ್ರಿಕ್ ಹಾಕಿದರು. ಎರಡನೇ ಇನಿಂಗ್ಸ್‌ನಲ್ಲಿ ಅವರ ಬಾಲ್ ಆಡೋಕಾಗದೆ ಸುನಿಲ್ ಗಾವಸ್ಕರ್ ಎಡಗೈಯಲ್ಲಿ ಬ್ಯಾಟ್ ಮಾಡಿದರು. ಸುಳ್ಳಲ್ಲ. ಬೇರೆಯವರ ಓವರಿಗೆ ಬಲಗೈ, ಭಟ್ಟರ ಓವರಿಗೆ ಎಡಗೈ. ಅಂಥ ಮನುಷ್ಯ ಭಾರತಕ್ಕೆ ಆಡಿದ್ದು ಎರಡು ಟೆಸ್ಟ್.

ಆ ವರ್ಷದ ಫೈನಲ್ ನೆನಪಿದೆಯಾ ಯಾರಿಗಾದರೂ? ನಾವು 705 ಹೊಡೆದೆವು. ಏಳುನೂರಾ ಐದು. ದೆಹಲಿಯವರು 8 ವಿಕೆಟ್‌ಗೆ 707 ಹೊಡೆದು ಕಪ್ ಒಯ್ದರು. ನಾನು ರೇಡಿಯೊ ಆಫ್ ಮಾಡಿ ಕೊಟ್ಟಿಗೆಗೆ ಹೋದವನು ಕತ್ತಲಾದ ಮೇಲೆ ಒಳಗೆ ಬಂದೆ.

ಒಂದು ಪ್ರಶ್ನೆ ತೋಟದವರಿಗೆ. ಕರುಣ್ ಕರುಣ್ ಅಂತೀರಲ್ಲ, ಎರಡು ವರ್ಷ ವಿದರ್ಭಕ್ಕೆ ಹೋಗಿ ಆಡಿ ಬಂದವನು. ಆ ಹಜಾರೆ ಫೈನಲ್‌ನಲ್ಲಿ ನಮ್ಮ ಎದುರೇ ನಾಯಕನಾಗಿ ನಿಂತಿದ್ದ. ಅವತ್ತು ನೀವು ಯಾರಿಗೆ ಚಪ್ಪಾಳೆ ಹೊಡೆದಿರಿ?


ತೀರ್ಥಹಳ್ಳಿ ತೋಟದವ:

ಪ್ರಸಿದ್ಧ್ ಕೃಷ್ಣ ಅವನ ಗೂಟ ಕಿತ್ತಾಗ ಎದ್ದು ನಿಂತು ಕೂಗಿದೆ. 27ಕ್ಕೆ. ಆ ಟೂರ್ನಿಯಲ್ಲಿ ಅವನು 779 ರನ್ ಹೊಡೆದಿದ್ದ, ಇನ್ನೊಂದು ಗಂಟೆ ನಿಂತಿದ್ದರೆ ನಮ್ಮ ಕಪ್ ಹೋಗ್ತಿತ್ತು. ಕೂಗಿದ ಮೇಲೆ ಒಂಥರಾ ಆಯ್ತು. ಅದೂ ನಿಜ.

ಆದರೆ ಹೋದ ಅಂತ ಯಾಕೆ ಬೈಯಬೇಕು? ತಂಡದಲ್ಲಿ ಜಾಗ ಇಲ್ಲ ಅಂದವರು ನಾವು. 2022ರ ಡಿಸೆಂಬರ್‌ನಲ್ಲಿ ಕ್ರಿಕೆಟ್ಟನ್ನೇ ಉದ್ದೇಶಿಸಿ ‘ಇನ್ನೊಂದು ಅವಕಾಶ ಕೊಡು’ ಅಂತ ಬರೆದುಕೊಂಡಿದ್ದ. ಅವಕಾಶ ಕೊಟ್ಟದ್ದು ವಿದರ್ಭ. ಅವರಿಗೆ ರಣಜಿ ಫೈನಲ್‌ನಲ್ಲಿ 86, 135 ಹೊಡೆದು ಋಣ ತೀರಿಸಿ ಬಂದ. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೆ ಹೋದ, ಕೇರಳಕ್ಕೆ ಹೋದ. ನನ್ನ ವಿನಯ್ ಕೂಡ ಕೊನೆಗೆ ಪುದುಚೇರಿಗೆ ಆಡಿದ. ಹೊಟ್ಟೆಪಾಡು, ಆಟದ ಆಸೆ, ಎರಡೂ ಇರುತ್ತೆ. ಕರುಣ್ ಹುಟ್ಟಿದ್ದು ಜೋಧಪುರದಲ್ಲಿ, ಮನೆಮಾತು ಮಲಯಾಳ. ದ್ರಾವಿಡ್ ಹುಟ್ಟಿದ್ದು ಇಂದೋರ್‌ನಲ್ಲಿ. ಯಜಮಾನ್ರು ಭದ್ರಾವತಿಯಲ್ಲಿ ಹುಟ್ಟಿದವರನ್ನು ನಮ್ಮವರು ಅಂತಾರೆ, ನಾನು ನವುಲೆಯಲ್ಲಿ 174 ಹೊಡೆದವನನ್ನು ನಮ್ಮವ ಅಂತೀನಿ. ಎರಡರಲ್ಲೂ ಲೆಕ್ಕ ಸರಿಯಿಲ್ಲ. ಇರಲಿ ಬಿಡಿ.


ವಿನೋಬನಗರ ಲೆಗ್‌ಬ್ರೇಕ್:

ಹೊಸನಗರದವರೇ, ಗಾವಸ್ಕರ್ ಎಡಗೈದು ನನಗೆ ಗೊತ್ತೇ ಇರಲಿಲ್ಲ. ನಾಳೆ ನೆಟ್ಸ್‌ನಲ್ಲಿ ನಮ್ಮ ಓಪನರ್‌ಗೆ ಹೇಳ್ತೀನಿ, ನನ್ನ ಬಾಲ್ ಆಡೋಕೆ ಬರದಿದ್ರೆ ಅದನ್ನೇ ಮಾಡು ಅಂತ.

ಸರಿ, ಕರೆಸೋದೇ ಆದ್ರೆ ನಾನೂ ಒಂದು ಕೇಳ್ತೀನಿ. ಯಜಮಾನ್ರೆ, ನಿಮ್ಮ ವಿಶಿ ಬಂದ್ರೆ ನಾಲ್ಕನೇ ನಂಬರ್ ಅವರಿಗೇ ಅಲ್ವಾ? ಹಾಗಾದ್ರೆ ಕರುಣ್ ಎಲ್ಲಿ ಆಡ್ತಾನೆ? ಸ್ಮರಣ್‌ನ ಎಲ್ಲಿ ಕೂರಿಸ್ತೀರಿ?


ಭದ್ರಾವತಿ ಹಳಬ:

ನಾಲ್ಕು ಕರುಣ್‌ಗೆ, ಐದು ಸ್ಮರಣ್‌ಗೆ ಬಿಟ್ಟುಬಿಡಿ. ಅವರ ಕಾಲ ಅದು. ವಿಶಿ ಮೂರಕ್ಕೆ ಆಡುತ್ತಾರೆ. ಟೀಚರ್ ಹೇಳಿದಂತೆ ಬಿನ್ನಿ ಮೊದಲು ಇಳಿದು ಇಡೀ ದಿನ ಔಟಾಗದೆ ಇದ್ದರೆ ಪ್ಯಾಡ್ ಕಟ್ಟಿಕೊಂಡು ಕೂತಿರುತ್ತಾರೆ, ಆ ಮನುಷ್ಯನಿಗೆ ಬೇಸರವಿಲ್ಲ.